ಲೆಕ್ಕ ಬರೆಯುವವರಿಗೆ ಮೊದಲು ಕಲಿಸಿ



ವಿದುರಾಶ್ವತ್ಥದಲ್ಲಿ ದೇವಸ್ಥಾನದ ಹತ್ತಿರ ಹೂವು, ಅರಿಶಿನ-ಕುಂಕುಮ, ತೆಂಗಿನಕಾಯಿ ಮಾರುವವರ ಬುಟ್ಟಿಯ ಪಕ್ಕದಲ್ಲಿ ಈಗ ಕ್ಯುಆರ್ ಕೋಡಿನ ಹಲಗೆಯೊಂದು ನಿಂತಿರುತ್ತದೆ. ನಾಗರಕಲ್ಲಿಗೆ ಹಾಲೆರೆಯಲು ಬಂದವರು ಫೋನ್ ಹಿಡಿಯುತ್ತಾರೆ, ಪುಟ್ಟ ಪೆಟ್ಟಿಗೆ ಇಷ್ಟು ರೂಪಾಯಿ ಬಂತು ಎಂದು ಕನ್ನಡದಲ್ಲೇ ಗಟ್ಟಿಯಾಗಿ ಹೇಳುತ್ತದೆ. ಯುಪಿಐ ಶುರುವಾದದ್ದು 2016ರಲ್ಲಿ. ಹೂವು ಮಾರುವ ತಾಯಂದಿರನ್ನು ಯಾರೂ ಕೂರಿಸಿಕೊಂಡು ತರಗತಿ ನಡೆಸಲಿಲ್ಲ. ಆದರೂ ಅದು ಅವರ ಕೈಗೆ ಹತ್ತಿತು. ಇನ್ನೊಂದು ಕಡೆ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಪೇಟೆಗಳಲ್ಲಿ ಓದು ಬರಹ ಚೆನ್ನಾಗಿ ಬಲ್ಲವರೇ ಕೂತಿರುವ ಎಷ್ಟೋ ಅಂಗಡಿ, ಕಾರ್ಖಾನೆಗಳಲ್ಲಿ ಸಾವಿರಾರು ರೂಪಾಯಿ ಕೊಟ್ಟು ಹಾಕಿಸಿದ ಲೆಕ್ಕದ ಸಾಫ್ಟ್‌ವೇರ್ ಬರೀ ಬಿಲ್ಲು ಅಚ್ಚು ಹಾಕುವುದಕ್ಕೆ ಸೀಮಿತವಾಗಿದೆ. ನಿಜವಾದ ಲೆಕ್ಕ ಈಗಲೂ ಗಲ್ಲಾಪೆಟ್ಟಿಗೆಯ ಕೆಳಗಿನ ಉದ್ದನೆ ಪುಸ್ತಕದಲ್ಲೇ ಇದೆ. ಹೀಗೇಕೆ?

ಹೂವು ಮಾರುವವರು ಏನನ್ನೂ ಒತ್ತಬೇಕಾಗಿಲ್ಲ. ಒತ್ತುವವನು ಗಿರಾಕಿ, ದುಡ್ಡು ಬರುವುದು ಇವರಿಗೆ, ಬಂದದ್ದು ಕೂಡಲೇ ಕಿವಿಗೆ ಬೀಳುತ್ತದೆ. ಲೆಕ್ಕದ ಸಾಫ್ಟ್‌ವೇರಿನಲ್ಲಿ ಇದು ತಿರುವುಮುರುವು. ಬಿಲ್ಲು ಹೊಡೆಯುವ ಹುಡುಗನಿಗೋ ಗುಮಾಸ್ತರಿಗೋ ಕೆಲಸ ಹೆಚ್ಚಾಗುತ್ತದೆ. ವರದಿ ಸಿಗುವುದು ಯಜಮಾನರಿಗೆ, ಆಮೇಲೆ ಆಡಿಟರಿಗೆ. ಬರೆದವರ ಪಾಲಿಗೆ ಉಳಿಯುವುದು ತಪ್ಪಾದ ದಿನ ಕೇಳಬೇಕಾದ ಮಾತು ಮಾತ್ರ. ಯಾವ ಗುಂಡಿ ಒತ್ತಬೇಕು ಎಂದು ತೋರಿಸಿದರೆ ಅರ್ಧ ತರಬೇತಿ ಆದಂತೆ. ಒತ್ತುವವರ ದಿನ ಅದರಿಂದ ಎಲ್ಲಿ ಹಗುರಾಗುತ್ತದೆ ಎಂದು ತೋರಿಸಿಕೊಟ್ಟಾಗಲೇ ಅದು ಪೂರ್ತಿಯಾಗುವುದು. ನಾನು ಇವತ್ತು ಹೇಳಬೇಕೆಂದಿರುವುದು ಇದನ್ನೇ.

ನಮ್ಮ ಕಡೆಯ ಸಣ್ಣ ಉದ್ಯಮ ಎಂದರೆ ಏನೇನು? ಚಿಂತಾಮಣಿಯ ಮಂಡಿಗಳು, ಶಿಡ್ಲಘಟ್ಟದ ರೇಷ್ಮೆ ನೂಲು ತೆಗೆಯುವ ಮನೆಗಳು, ಹುರಿ ಮಾಡುವ ಘಟಕಗಳು, ಗೌರಿಬಿದನೂರಿನ ಕುಡುಮಲಕುಂಟೆ ಕೈಗಾರಿಕಾ ಪ್ರದೇಶದ ದೊಡ್ಡ ಕಾರ್ಖಾನೆಗಳಿಗೆ ಸಾಮಾನು ಒದಗಿಸುವ ಪುಟ್ಟ ಶೆಡ್ಡುಗಳು, ಗೊಬ್ಬರದಂಗಡಿ, ಹಾರ್ಡ್‌ವೇರ್ ಅಂಗಡಿ, ಬೂಸಾ-ಹಿಂಡಿ ಅಂಗಡಿ. ಮೂವರಿಂದ ಹದಿನೈದು ಜನ ಕೆಲಸ ಮಾಡುವ ಜಾಗಗಳು. ಕಂಪ್ಯೂಟರಿಗೆಂದೇ ಬೇರೆ ವಿಭಾಗ ಇಲ್ಲಿ ಎಲ್ಲಿಯೂ ಇರುವುದಿಲ್ಲ. ಬಿಲ್ಲು ಬರೆಯುವವರೇ ಗೋಡೌನಿನ ಬೀಗ ತೆಗೆಯುತ್ತಾರೆ, ಅವರೇ ಬ್ಯಾಂಕಿಗೂ ಹೋಗಿಬರುತ್ತಾರೆ.

ಇಂಥ ಕಡೆ ಸಾಫ್ಟ್‌ವೇರ್ ಹೆಚ್ಚಾಗಿ ಬರುವುದು ಮಾರ್ಚ್ ಕೊನೆಗೆ. ಏಪ್ರಿಲ್ ಒಂದರಿಂದ ಹೊಸ ಲೆಕ್ಕದ ವರ್ಷ, ಈ ಸಲವಾದರೂ ಕಂಪ್ಯೂಟರಿಗೆ ಹಾಕಿಸಿ ಎಂದು ಆಡಿಟರು ಹೇಳಿರುತ್ತಾರೆ. ಬೆಂಗಳೂರಿನಿಂದಲೋ ಜಿಲ್ಲಾ ಕೇಂದ್ರದಿಂದಲೋ ಒಬ್ಬ ಹುಡುಗ ಬಂದು ಎರಡು ಗಂಟೆ ಎಲ್ಲವನ್ನೂ ತೋರಿಸಿ ಹೋಗುತ್ತಾನೆ. ಕುರ್ಚಿಯಲ್ಲಿ ಯಜಮಾನರು ಕೂತಿರುತ್ತಾರೆ. ನಾಳೆಯಿಂದ ಅದನ್ನು ದಿನವಿಡೀ ಬಳಸಬೇಕಾದವರು ಹಿಂದೆ ನಿಂತು ಇಣುಕುತ್ತಿರುತ್ತಾರೆ, ನಡುನಡುವೆ ಗಿರಾಕಿ ಬಂದರೆಂದು ಬಿಟ್ಟು ಹೋಗುತ್ತಿರುತ್ತಾರೆ. ಅಲ್ಲಿಗೆ ತರಬೇತಿ ಮುಗಿಯಿತು.

ನಾನು ಹತ್ತಿರದಿಂದ ನೋಡಿದ ಒಂದು ಬೂಸಾ ಅಂಗಡಿಯ ವಿಷಯ ಹೇಳುತ್ತೇನೆ. ಊರು, ಹೆಸರು ಬೇಡ. ಅಲ್ಲಿ ಎರಡೇ ತಿಂಗಳಲ್ಲಿ ಕಂಪ್ಯೂಟರಿನ ದಾಸ್ತಾನಿಗೂ ಗೋಡೌನಿನ ಮೂಟೆಗಳಿಗೂ ತಾಳೆಯೇ ಆಗದಂತಾಯಿತು. ಕೆಲವು ಮಾಲು ಕಂಪ್ಯೂಟರಿನಲ್ಲಿ ಸೊನ್ನೆಗಿಂತ ಕೆಳಗಿಳಿದಿತ್ತು, ಗೋಡೌನಿನಲ್ಲಿ ನೋಡಿದರೆ ಮೂಟೆಗಳು ಸಾಲಾಗಿ ನಿಂತಿದ್ದವು. ಯಜಮಾನರು ಸಾಫ್ಟ್‌ವೇರೇ ಸರಿಯಿಲ್ಲ, ವಾಪಸು ಕೊಡುತ್ತೇನೆ ಎನ್ನುತ್ತಿದ್ದರು. ಬಿಲ್ಲು ಬರೆಯುವ ಹಿರಿಯರನ್ನು ಪಕ್ಕಕ್ಕೆ ಕರೆದು, ದಿನಾ ಹೇಗೆ ಬರೆಯುತ್ತೀರಿ, ಒಂದು ಬಿಲ್ಲು ಮಾಡಿ ತೋರಿಸಿ ಎಂದೆ. ಅವರು ಮೆತ್ತಗೆ ಕೇಳಿದರು: "ಸಾರ್, ಅರ್ಧ ಮೂಟೆ ಕೊಟ್ರೆ ಇದ್ರಲ್ಲಿ ಎಲ್ಲಿ ಹಾಕೋದು?"

ಒಂದು ಹಸು, ಎರಡು ಹಸು ಸಾಕಿಕೊಂಡಿರುವವರು ಒಂದೇ ಸಲ ಮೂಟೆ ಒಯ್ಯುವುದಿಲ್ಲ. ಅರ್ಧ ಒಯ್ಯುತ್ತಾರೆ, ಐದು ಕಿಲೋ, ಹತ್ತು ಕಿಲೋ ಒಯ್ಯುತ್ತಾರೆ. ಆ ಅಂಗಡಿಯ ವ್ಯಾಪಾರದ ಬಹುಪಾಲು ಬಿಡಿ ವ್ಯಾಪಾರವೇ. ಸಾಫ್ಟ್‌ವೇರ್ ಹಾಕಿದ ಹುಡುಗ ಅಳತೆಯ ಘಟಕವನ್ನು 'ಮೂಟೆ' ಎಂದು ಮಾಡಿ, ದಶಮಾಂಶ ಸ್ಥಾನ ಎಷ್ಟು ಎಂಬಲ್ಲಿ ಸೊನ್ನೆ ಹಾಕಿ ಹೋಗಿದ್ದ. ಅರ್ಧ ಎಂದು ಹಾಕಲು ಹೋದರೆ ಯಂತ್ರ ತೆಗೆದುಕೊಳ್ಳುತ್ತಿರಲಿಲ್ಲ. ಹಿರಿಯರು ಒಂದು ದಿನ ಅರ್ಧಕ್ಕೆ ಒಂದು ಎಂದು ಬರೆದು ಬೆಲೆ ಅರ್ಧ ಹಾಕುತ್ತಿದ್ದರು, ಇನ್ನೊಂದು ದಿನ ಎರಡು ಅರ್ಧ ಸೇರಲಿ ಎಂದು ಬಿಟ್ಟುಬಿಡುತ್ತಿದ್ದರು. ಅದೂ ಸಾಲದೆಂಬಂತೆ ಒಂದೇ ಮಾಲು ಮೂರು ಹೆಸರಿನಲ್ಲಿ ಸೇರಿಕೊಂಡಿತ್ತು: 'ಬೂಸ', 'ಗೋಧಿ ಬೂಸಾ', 'ವೀಟ್ ಬೂಸಾ'. ಕೊಳ್ಳುವಾಗ ಒಂದು ಹೆಸರಿಗೆ ಜಮೆ, ಮಾರುವಾಗ ಇನ್ನೊಂದು ಹೆಸರಿನಿಂದ ವಜಾ. ಕಿಲೋ ಮೂಲ ಅಳತೆ, ಮೂಟೆಗೆ ಇಷ್ಟು ಕಿಲೋ ಎಂದು ತಿದ್ದಿ, ಮೂರು ಹೆಸರನ್ನು ಒಂದು ಮಾಡಿ, ಗೋಡೌನಿನಲ್ಲಿ ಮೂಟೆ ಎಣಿಸಿ ಹೊಸದಾಗಿ ಆರಂಭದ ದಾಸ್ತಾನು ಹಾಕಿದ ಮೇಲೆ ಲೆಕ್ಕ ನಿಂತಿತು.

ಸಾಫ್ಟ್‌ವೇರಿನಲ್ಲಿ ದೋಷವಿರಲಿಲ್ಲ, ಹಿರಿಯರಿಗೆ ಬುದ್ಧಿ ಸಾಲದು ಎಂಬುದೂ ಸುಳ್ಳು. ಅಂಗಡಿಯಲ್ಲಿ ಅರ್ಧ ಮೂಟೆ ಮಾರುತ್ತಾರೆ ಎಂಬ ಸಂಗತಿ ಅವರೊಬ್ಬರಿಗೆ ಪೂರ್ತಿ ಗೊತ್ತಿತ್ತು, ಅವರನ್ನು ಯಾರೂ ಕೇಳಿರಲಿಲ್ಲ. ಆದ್ದರಿಂದ ತರಬೇತಿ ಕೊಡುವವರು ಬಂದ ದಿನ ಕಂಪ್ಯೂಟರ್ ಮುಟ್ಟದೆ, ಅಂಗಡಿಯ ಹಿಂದಿನ ವಾರದ ಬಿಲ್ಲುಗಳನ್ನು ಒಂದು ಕಟ್ಟು ತರಿಸಿಕೊಂಡು, ಬರೆದವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಬೇಕು. ವಾಪಸು ಬಂದ ಮಾಲು ಹೇಗೆ ಬರೆಯುತ್ತೀರಿ, ಸಾಲ ಕೊಟ್ಟದ್ದು ಹೇಗೆ, ಹಬ್ಬದ ಹಿಂದಿನ ದಿನ ಜನ ಮುಗಿಬಿದ್ದಾಗ ಏನು ಮಾಡುತ್ತೀರಿ ಎಂದು ಕೇಳಬೇಕು. ತರಬೇತಿಯ ಪಠ್ಯ ಆ ಕಟ್ಟಿನಲ್ಲೇ ಇರುತ್ತದೆ. ಶಿಡ್ಲಘಟ್ಟದ ಹುರಿ ಘಟಕದವರಿಗೆ ಸೋಪು, ಬಿಸ್ಕತ್ತಿನ ಉದಾಹರಣೆ ಕೊಟ್ಟು ಜಿಎಸ್‌ಟಿ ಕಲಿಸಿದರೆ ಏನು ಉಪಯೋಗ? ರೇಷ್ಮೆ ಗೂಡಿಗೆ ತೆರಿಗೆ ಇಲ್ಲ, ಹುರಿ ಮಾಡಿದ ರೇಷ್ಮೆ ನೂಲಿಗೆ ಶೇಕಡಾ 5 ಇದೆ. ಅವರು ದಿನಾ ಎದುರಿಸುವುದು ಇದನ್ನು.

ನಮ್ಮ ಗಡಿಯ ಊರುಗಳಿಗೆ ಇನ್ನೊಂದು ವಿಶೇಷವಿದೆ. ವಿದುರಾಶ್ವತ್ಥ ದಾಟಿ ಮುಂದೆ ಹೋದರೆ ಆಂಧ್ರದ ಹಿಂದೂಪುರ. ಗೌರಿಬಿದನೂರಿನ ವ್ಯಾಪಾರಿಗೆ ಹಿಂದೂಪುರದ ಗಿರಾಕಿ ನೆಂಟನಷ್ಟೇ ಹತ್ತಿರದವನು, ಜಿಎಸ್‌ಟಿಯ ಕಣ್ಣಿಗೆ ಹೊರರಾಜ್ಯದವನು. ಜಿಎಸ್‌ಟಿ ಸಂಖ್ಯೆಯ ಮೊದಲ ಎರಡು ಅಂಕಿ ಕರ್ನಾಟಕಕ್ಕೆ 29, ಆಂಧ್ರಪ್ರದೇಶಕ್ಕೆ 37. ಗಡಿಯಾಚೆಯ ನೋಂದಾಯಿತ ವ್ಯಾಪಾರಿಗೆ ಮಾಲು ಕಳಿಸಿದರೆ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಎಂದು ಎರಡು ಭಾಗ ಮಾಡುವಂತಿಲ್ಲ, ಐಜಿಎಸ್‌ಟಿ ಹಾಕಬೇಕು. ಬೆಂಗಳೂರಿನ ಮಧ್ಯದಲ್ಲಿರುವ ಅಂಗಡಿಯವರಿಗೆ ಇದನ್ನು ಮೂರನೆಯ ವಾರ ಹೇಳಿಕೊಟ್ಟರೂ ನಡೆದೀತು. ನಮ್ಮವರಿಗೆ ಮೊದಲ ದಿನವೇ ಹೇಳಬೇಕು: ಹೊಸ ಗಿರಾಕಿಯ ಹೆಸರು ಸೇರಿಸುವ ಮುಂಚೆ ಆ ಎರಡು ಅಂಕಿ ನೋಡಿ ಎಂದು.

ಸಾಫ್ಟ್‌ವೇರೂ ಬಳಸುವವರ ಕಡೆಗೆ ನಡೆದು ಬರಬೇಕು ಎಂಬುದಕ್ಕೆ ಬೆಂಗಳೂರಿನಲ್ಲೇ ಒಳ್ಳೆಯ ಉದಾಹರಣೆ ಇದೆ. 1986ರಲ್ಲಿ ಶ್ಯಾಮ್ ಸುಂದರ್ ಗೋಯೆಂಕಾ ಅವರು ಗಿರಣಿಗಳಿಗೆ ಕಚ್ಚಾಮಾಲು, ಯಂತ್ರದ ಬಿಡಿಭಾಗ ಪೂರೈಸುವ ತಮ್ಮ ವ್ಯಾಪಾರಕ್ಕೆ ಸರಿಹೊಂದುವ ಲೆಕ್ಕದ ಸಾಫ್ಟ್‌ವೇರ್ ಸಿಗದೆ, ಗಣಿತ ಓದಿದ್ದ ಮಗ ಭರತ್ ಗೋಯೆಂಕಾ ಅವರಿಗೆ ನೀನೇ ಒಂದು ಬರೆ ಎಂದರು. ಪ್ಯೂಟ್ರಾನಿಕ್ಸ್ ಎಂಬ ಹೆಸರಿನಲ್ಲಿ ಶುರುವಾದ ಆ ಸಂಸ್ಥೆಯೇ ಇಂದಿನ ಟ್ಯಾಲಿ. ಭರತ್ ಗೋಯೆಂಕಾ ಅವರಿಗೆ 2020ರಲ್ಲಿ ಪದ್ಮಶ್ರೀ ಬಂತು. ಅಂದಿನ ಲೆಕ್ಕದ ಸಾಫ್ಟ್‌ವೇರುಗಳಲ್ಲಿ ಪ್ರತಿ ಖಾತೆಗೂ ಒಂದು ಸಂಕೇತ ಸಂಖ್ಯೆ ಕೊಟ್ಟು, ಆ ಸಂಖ್ಯೆಗಳನ್ನು ನೆನಪಿಟ್ಟುಕೊಳ್ಳಬೇಕಾಗಿತ್ತು. ಟ್ಯಾಲಿ ಅದನ್ನು ಬಿಟ್ಟು, ಗುಮಾಸ್ತರು ಪುಸ್ತಕದಲ್ಲಿ ಬರೆಯುವಂತೆ ಗಿರಾಕಿಯ ಹೆಸರನ್ನೇ ಬರೆಯಲು ಬಿಟ್ಟಿತು. ದೇಶದ ಊರೂರಿನ ಪೇಟೆಗಳಲ್ಲಿ ಅದು ಬೇರು ಬಿಟ್ಟದ್ದಕ್ಕೆ ಇದೂ ಒಂದು ದೊಡ್ಡ ಕಾರಣ ಎಂದು ನಾನು ನಂಬುತ್ತೇನೆ.

ಇನ್ನು ಭಯದ ವಿಷಯ. ಪುಸ್ತಕದಲ್ಲಿ ತಪ್ಪಾದರೆ ಗೆರೆ ಎಳೆದು ಪಕ್ಕದಲ್ಲಿ ಸರಿ ಬರೆದು ಸಣ್ಣ ರುಜು ಹಾಕುತ್ತಿದ್ದರು. ಕಂಪ್ಯೂಟರಿನಲ್ಲಿ ತಪ್ಪು ಗುಂಡಿ ಒತ್ತಿದರೆ ಎಲ್ಲವೂ ಹೋಗಿಬಿಡುತ್ತದೆ ಎಂಬ ಅಂಜಿಕೆ ಅನೇಕರಿಗೆ ಇದೆ. ವಯಸ್ಸಾದವರಿಗೆ ಇದರ ಜೊತೆಗೆ ಇನ್ನೊಂದು ನೋವು. ಮೂವತ್ತು ವರ್ಷ ಇಡೀ ಅಂಗಡಿಯ ಲೆಕ್ಕ ತಲೆಯಲ್ಲಿ ಇಟ್ಟುಕೊಂಡವರು, ಮೊಮ್ಮಗನ ವಯಸ್ಸಿನವನ ಮುಂದೆ ಗೊತ್ತಿಲ್ಲ ಎನ್ನಬೇಕು. ಇದಕ್ಕೆ ನಾನು ಕಂಡ ಒಳ್ಳೆಯ ದಾರಿ ಇಷ್ಟು: ಅದೇ ಸಾಫ್ಟ್‌ವೇರಿನಲ್ಲಿ ಇನ್ನೊಂದು ಕಂಪನಿ ಮಾಡಿ, ಅದಕ್ಕೆ 'ಕಲಿಕೆ' ಎಂದು ಹೆಸರಿಟ್ಟು ಬಿಟ್ಟುಕೊಡುವುದು. ಅಲ್ಲಿ ಬೇಕೆಂದೇ ತಪ್ಪು ಬಿಲ್ಲು ಹಾಕಲಿ, ಅಳಿಸಲಿ, ತಿದ್ದಲಿ, ಏನು ಕೆಟ್ಟರೂ ಯಾರಿಗೂ ನಷ್ಟವಿಲ್ಲ. ತಪ್ಪು ಮಾಡುವುದನ್ನೂ ತಿದ್ದುವುದನ್ನೂ ಒಟ್ಟಿಗೆ ಕಲಿತವರ ಕೈ ನಡುಗುವುದಿಲ್ಲ. ಹೀಗೆ ಮೊದಲೇ ಕಲಿಯುವುದಕ್ಕೆ ಈಗ ಇನ್ನೊಂದು ಕಾರಣವೂ ಇದೆ. 2023ರ ಏಪ್ರಿಲ್ 1ರಿಂದ, ಕಂಪನಿ ಕಾಯಿದೆಯಡಿ ನೋಂದಾಯಿಸಿಕೊಂಡ ಸಣ್ಣ ಪ್ರೈವೇಟ್ ಲಿಮಿಟೆಡ್‌ಗಳೂ ಸೇರಿದಂತೆ ಎಲ್ಲ ಕಂಪನಿಗಳು ಪ್ರತಿ ತಿದ್ದುಪಡಿಯ ದಾಖಲೆ ಉಳಿಸುವ ಸಾಫ್ಟ್‌ವೇರನ್ನೇ ಲೆಕ್ಕಕ್ಕೆ ಬಳಸಬೇಕು. ಯಾವ ದಿನ ಏನನ್ನು ಬದಲಾಯಿಸಿದರು ಎಂಬುದು ಅಳಿಸದಂತೆ ಅಲ್ಲಿ ಉಳಿಯುತ್ತದೆ.

ಕಲಿಕೆ ತಾನಾಗಿ ಗಟ್ಟಿಯಾಗುವ ಜಾಗವೊಂದನ್ನು ನೋಡಬೇಕೆಂದರೆ ಬೆಳಿಗ್ಗೆ ಬೇಗ ಎದ್ದು ನಮ್ಮ ಯಾವುದಾದರೂ ಹಾಲು ಉತ್ಪಾದಕರ ಸಹಕಾರ ಸಂಘದ ಮುಂದೆ ನಿಲ್ಲಿ. ಹಿಂದೆ ಲ್ಯಾಕ್ಟೋಮೀಟರ್ ಅದ್ದಿ, ಕೊಬ್ಬಿನ ಪರೀಕ್ಷೆ ಮಾಡಿ, ಪಾಸ್‌ಪುಸ್ತಕದಲ್ಲಿ ಬರೆದುಕೊಡುತ್ತಿದ್ದರು. ಈಗ ಕಂಪ್ಯೂಟರಿಗೆ ಸೇರಿಸಿದ ತೂಕದ ಯಂತ್ರ, ಪರೀಕ್ಷೆಯ ಯಂತ್ರ ಎಷ್ಟೋ ಸಂಘಗಳಿಗೆ ಬಂದಿವೆ. ಕ್ಯಾನು ಹಿಡಿದು ಸಾಲಿನಲ್ಲಿ ನಿಂತ ಹೆಂಗಸು ತನ್ನ ಸದಸ್ಯ ಸಂಖ್ಯೆ ಹೇಳುತ್ತಾಳೆ. ಒಳಗಿರುವವರು ಅದನ್ನು ಒತ್ತುತ್ತಾರೆ. ಹಾಲು ಸುರಿದ ಕೂಡಲೇ ಎಷ್ಟು ಲೀಟರ್, ಎಷ್ಟು ಫ್ಯಾಟು ಎಂದು ಮುಂದಿನ ಪರದೆಯಲ್ಲಿ ಅಂಕಿ ಮೂಡುತ್ತದೆ, ಚೀಟಿ ಬರುತ್ತದೆ. "ಏನಣ್ಣಾ, ನಿನ್ನೆಗಿಂತ ಫ್ಯಾಟು ಕಮ್ಮಿ ಬಂದಿದೆ?" ಎಂದು ಅವಳು ಅಲ್ಲೇ ಕೇಳುತ್ತಾಳೆ. ಸಂಖ್ಯೆ ತಪ್ಪಿ ಪಕ್ಕದ ಮನೆಯವರ ಲೆಕ್ಕಕ್ಕೆ ಹೋದರೆ ಆ ಕ್ಷಣವೇ ಗೊತ್ತಾಗುತ್ತದೆ. ದಿನಕ್ಕೆ ಎರಡು ಹೊತ್ತು, ವರ್ಷವಿಡೀ, ಪ್ರತಿ ಅಂಕಿಗೂ ಎದುರಿನಲ್ಲಿ ಒಬ್ಬರು ಸಾಕ್ಷಿ. ಹೀಗಿರುವಾಗ ಹಳ್ಳಿಯಲ್ಲಿ ಹತ್ತನೇ ತರಗತಿ ಓದಿದವರೂ ಕೆಲವೇ ದಿನಗಳಲ್ಲಿ ಆ ಯಂತ್ರದಲ್ಲಿ ಪಳಗುತ್ತಾರೆ.

ಅಂಗಡಿಯಲ್ಲಿ ಈ ಸಾಕ್ಷಿ ಇಲ್ಲ. ಇವತ್ತಿನ ತಪ್ಪು ಮೂರು ತಿಂಗಳ ಮೇಲೆ ಆಡಿಟರ ಮೇಜಿನಲ್ಲಿ ಸಿಗುತ್ತದೆ. ಅಷ್ಟು ಹೊತ್ತಿಗೆ ಬರೆದವರಿಗೆ ಆ ದಿನವೇ ನೆನಪಿರುವುದಿಲ್ಲ. ಹಾಗಾಗಿ ಹೊಸದಾಗಿ ಸಾಫ್ಟ್‌ವೇರ್ ಹಾಕಿಸಿದವರಿಗೆ ನನ್ನ ಬೇಡಿಕೆ ಇದು. ಮೊದಲ ತಿಂಗಳು ಮಾರಾಟದ ಬಿಲ್ಲು, ಬಂದ ಹಣದ ರಸೀದಿ, ಕೊಟ್ಟ ಹಣದ ವೋಚರು, ಇಷ್ಟನ್ನೇ ಕಲಿಸಿ. ಸಂಬಳ, ಸವಕಳಿ, ಬಜೆಟ್ಟು ಎಲ್ಲ ಆಮೇಲೆ ಇರಲಿ. ಪ್ರತಿ ಸಂಜೆ ಅಂಗಡಿಯ ಬಾಗಿಲು ಎಳೆಯುವ ಮುಂಚೆ ಕಂಪ್ಯೂಟರಿನ ನಗದು ಬಾಕಿಯನ್ನೂ ಗಲ್ಲಾಪೆಟ್ಟಿಗೆಯ ನೋಟನ್ನೂ ತಾಳೆ ನೋಡಿ. ವ್ಯತ್ಯಾಸ ಇದ್ದರೆ ಆಗಲೇ ಹುಡುಕಿ. ಯಜಮಾನರು ಆ ಹತ್ತು ನಿಮಿಷ ಪಕ್ಕದಲ್ಲಿ ಕೂರಬೇಕು, ಗದರಬಾರದು. ಒಂದು ತಿಂಗಳು ಹೀಗೆ ಮಾಡಿದ ಗುಮಾಸ್ತರು ಮುಂದೆ ತಾವೇ ಕೇಳಲು ಶುರು ಮಾಡುತ್ತಾರೆ: ಯಾರು ಎಷ್ಟು ಬಾಕಿ ಇದ್ದಾರೆ ಅಂತ ಒಂದೇ ಸಲ ನೋಡೋದು ಹೇಗೆ ಎಂದು. ತಿಂಗಳ ಕೊನೆಯಲ್ಲಿ ಎರಡು ದಿನ ಕೂತು ಮಾಡುತ್ತಿದ್ದ ಬಾಕಿಪಟ್ಟಿ ಚಿಟಿಕೆ ಹೊಡೆಯುವಷ್ಟರಲ್ಲಿ ಬಂದಾಗ ಅವರ ಮುಖ ನೋಡಬೇಕು. ಅವರ ದಿನ ಹಗುರಾಗಬೇಕು ಎಂದು ನಾನು ಮೊದಲು ಹೇಳಿದ್ದು ಇದನ್ನೇ.

ಹಳೇ ಪುಸ್ತಕವನ್ನು ಯಾವಾಗ ಮುಚ್ಚಬೇಕು ಎಂಬ ಪ್ರಶ್ನೆಗೆ ನಮ್ಮ ಸರ್ಕಾರದ 'ಭೂಮಿ' ಯೋಜನೆಯ ಅನುಭವ ಉಪಯೋಗಕ್ಕೆ ಬರುತ್ತದೆ. ಸುಮಾರು 67 ಲಕ್ಷ ರೈತರ 2 ಕೋಟಿ ಭೂದಾಖಲೆಗಳನ್ನು ಕಂಪ್ಯೂಟರಿಗೆ ಏರಿಸಿದಾಗ, ಆಗಿನ್ನೂ ಕೋಲಾರ ಜಿಲ್ಲೆಯಲ್ಲಿದ್ದ ನಮ್ಮ ತಾಲ್ಲೂಕುಗಳೂ ಅದರಲ್ಲಿದ್ದವು. ಅಂಕಿ ಅಂಶ ಏರಿಸಿದವರು ಹೊರಗಿನವರು. ಆದರೆ ಏರಿಸಿದ್ದನ್ನು ಅಚ್ಚು ಹಾಕಿ, ದಾಖಲೆ ಬಲ್ಲ ಗ್ರಾಮ ಲೆಕ್ಕಿಗರಿಂದಲೇ ಮೂಲದೊಂದಿಗೆ ತಾಳೆ ನೋಡಿಸಿದರು. ಒಂದು ತಾಲ್ಲೂಕಿನ ಕೆಲಸ ಪೂರ್ತಿಯಾಗಿ ಕಂಪ್ಯೂಟರ್ ಪಹಣಿ ಕೊಡಲು ಶುರುವಾದ ಮೇಲೆ ಅಲ್ಲಿ ಕೈಬರಹದ ಪಹಣಿಗೆ ಮಾನ್ಯತೆ ಇಲ್ಲ ಎಂದು ಆದೇಶವಾಯಿತು. ರೈತ 15 ರೂಪಾಯಿ ಕೊಟ್ಟು ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಪಹಣಿ ಪಡೆದ. ಈ ಕ್ರಮವನ್ನು ಅಂಗಡಿಯವರು ಹಾಗೆಯೇ ಅನುಸರಿಸಬಹುದು. ಹಳೇ ಲೆಕ್ಕ ಬಲ್ಲವರಿಂದಲೇ ಆರಂಭದ ಬಾಕಿಗಳನ್ನು ತಾಳೆ ನೋಡಿಸಿ, ಒಂದೆರಡು ತಿಂಗಳು ಎರಡೂ ಕಡೆ ಬರೆಯಿರಿ. ಆಮೇಲೆ ಇಂಥ ದಿನದಿಂದ ಪುಸ್ತಕ ಇಲ್ಲ ಎಂದು ಎಲ್ಲರ ಮುಂದೆ ಹೇಳಿ. ಎರಡು ಕಡೆ ಬರೆಯುವುದು ಕೊನೆಯಿಲ್ಲದೆ ನಡೆದರೆ ಬರೆಯುವವರು ಬೇಸತ್ತು, ಯಾವುದು ಕೈಗೆ ಸಲೀಸೋ ಅದಕ್ಕೇ ಹೊರಳುತ್ತಾರೆ.

ಹಳೇ ಕಸುಬನ್ನು ಪೂರ್ತಿ ಕಿತ್ತು ಹಾಕಬೇಕಾಗಿಲ್ಲ ಎಂಬುದನ್ನು ಶಿಡ್ಲಘಟ್ಟದ ರೇಷ್ಮೆ ಗೂಡು ಮಾರುಕಟ್ಟೆಯಲ್ಲಿ ನೋಡಬಹುದು. ಅಲ್ಲಿ ಕೂಗಿನ ಹರಾಜಿನ ಬದಲು ಇ-ಹರಾಜು ಬಂದಿದೆ. ನೂಲು ತೆಗೆಯುವ ರೀಲರುಗಳು ಮೊಬೈಲಿನಲ್ಲಿ ದರ ಹಾಕುತ್ತಾರೆ. ಆದರೆ ಲಾಟಿನ ಮುಂದೆ ನಿಂತು ಗೂಡನ್ನು ಬೆರಳಿನಲ್ಲಿ ಒತ್ತಿ, ಕಿವಿಯ ಹತ್ತಿರ ಅಲ್ಲಾಡಿಸಿ ಗುಣ ಅಳೆಯುವ ಕೆಲಸ ಅವರದೇ. ಆ ಕೆಲಸಕ್ಕೆ ಯಾವ ಪರದೆಯೂ ಬಂದಿಲ್ಲ.

ಯಾವ ಭಾಷೆಯಲ್ಲಿ ಕಲಿಸಬೇಕು ಎಂಬುದೂ ಮುಖ್ಯ. ನಮ್ಮ ಕಡೆಯ ಗೋಡೌನಿನಲ್ಲಿ ಒಬ್ಬರು ಕನ್ನಡ, ಇನ್ನೊಬ್ಬರು ತೆಲುಗು, ಶಿಡ್ಲಘಟ್ಟದ ರೀಲಿಂಗ್ ಮನೆಗಳಲ್ಲಿ ಉರ್ದು. ಪರದೆಯ ಮೇಲೆ ಇಂಗ್ಲಿಷು. ಕಲಿಸುವವರು ಪರದೆಯ ಮಾತನ್ನೇ ಉದುರಿಸಿ ಹೋದರೆ ಕೇಳುವವರು ತಲೆಯಾಡಿಸುತ್ತಾರೆ, ಅರ್ಥವಾಗಿರುವುದಿಲ್ಲ. ಅಂಗಡಿಯಲ್ಲಿ ಜಮಾ, ಖರ್ಚು, ಬಾಕಿ, ವಸೂಲಿ ಎಂದು ಏನು ಆಡುತ್ತಾರೋ ಅದನ್ನೇ ಒಂದು ರಟ್ಟಿನ ಮೇಲೆ ದಪ್ಪಗೆ ಬರೆದು, ಯಾವುದಕ್ಕೆ ಯಾವ ಗುಂಡಿ ಎಂದು ಪಕ್ಕದಲ್ಲಿ ಗುರುತು ಹಾಕಿ, ಕಂಪ್ಯೂಟರಿನ ಹಿಂದಿನ ಗೋಡೆಗೆ ಅಂಟಿಸಿ. ಕರೆಂಟು ಹೋದಾಗ ಏನು ಮಾಡಬೇಕು, ಬ್ಯಾಕಪ್ ಯಾವ ಪೆನ್‌ಡ್ರೈವಿಗೆ, ದಿನಾ ಯಾರು ತೆಗೆಯಬೇಕು ಎಂಬುದೂ ಅದೇ ರಟ್ಟಿನಲ್ಲಿ ಇರಲಿ. ಕಲಿತವರು ಕೆಲಸ ಬಿಟ್ಟು ಹೋದರೆ ಮುಂದೆ ಬರುವವರಿಗೆ ಅದೇ ಮೊದಲ ಪಾಠ. ಸಣ್ಣ ಕಂಪನಿಯಲ್ಲಿ ಒಬ್ಬರಿಗೇ ಕಲಿಸುವುದು ಅಪಾಯ, ಕನಿಷ್ಠ ಇಬ್ಬರಿಗೆ ಕಲಿಸಿ.

ಇಷ್ಟೆಲ್ಲಕ್ಕೆ ಖರ್ಚು ಯಾರದು ಎಂದು ಕೇಳುತ್ತೀರಿ. ಖರ್ಚು ಯಜಮಾನರದೇ, ಅದು ಸಾಫ್ಟ್‌ವೇರಿನ ಬೆಲೆಯ ಒಂದು ಭಾಗವೇ. ಕಂಪ್ಯೂಟರು, ಪ್ರಿಂಟರು, ಯುಪಿಎಸ್‌ಗೆ ಚೌಕಾಸಿ ಮಾಡದೆ ಕೊಡುವವರು ತರಬೇತಿ ಮಾತ್ರ ಬಿಟ್ಟಿಯಾಗಿ ಬರಲಿ ಎನ್ನುತ್ತಾರೆ. ಮಾರುವವರೊಂದಿಗೆ ಮಾತಾಡುವಾಗಲೇ ಕೇಳಿ: ಹಾಕಿದ ದಿನ ಬರುತ್ತೀರಿ ಸರಿ, ಹದಿನೈದು ದಿನ ಬಿಟ್ಟು ಬರುತ್ತೀರಾ, ಮೊದಲ ಜಿಎಸ್‌ಟಿ ರಿಟರ್ನ್ ಸಲ್ಲಿಸುವ ವಾರ ಪಕ್ಕದಲ್ಲಿ ಇರುತ್ತೀರಾ ಎಂದು. ಹಣದಲ್ಲಿ ಒಂದಷ್ಟನ್ನು ಆ ಕೊನೆಯ ಭೇಟಿ ಆಗುವ ತನಕ ಉಳಿಸಿಕೊಳ್ಳಿ. ಜನಕ್ಕೆ ನಿಜವಾದ ಪ್ರಶ್ನೆಗಳು ಹುಟ್ಟುವುದು ಎರಡನೆಯ ವಾರದಿಂದ.

2025ರ ಜುಲೈನಲ್ಲಿ ನಮ್ಮ ರಾಜ್ಯದ ಎಷ್ಟೋ ಸಣ್ಣ ವ್ಯಾಪಾರಿಗಳಿಗೆ, ಅವರ ಯುಪಿಐ ಜಮೆಯ ಮೊತ್ತ ನೋಡಿ ವಾಣಿಜ್ಯ ತೆರಿಗೆ ಇಲಾಖೆಯಿಂದ ನೋಟಿಸು ಬಂದಾಗ ಆದ ಗಾಬರಿ ನಿಮಗೆ ನೆನಪಿರಬಹುದು. ಕೆಲವರು ಕ್ಯುಆರ್ ಹಲಗೆಗಳನ್ನೇ ತೆಗೆದಿಟ್ಟರು. ತರಕಾರಿ, ಹಾಲು ಮಾರುವವರ ಮಾಲಿಗೆ ತೆರಿಗೆಯೇ ಇರಲಿಲ್ಲ. ಆದರೆ ಬಂದ ಹಣದಲ್ಲಿ ಯಾವುದು ವ್ಯಾಪಾರದ್ದು, ಯಾವುದು ಮನೆಯದು, ಯಾವುದು ತೆರಿಗೆ ಇಲ್ಲದ ಮಾಲಿನದು ಎಂದು ತೋರಿಸಲು ಅನೇಕರ ಹತ್ತಿರ ಬರೆದಿಟ್ಟ ಲೆಕ್ಕ ಇರಲಿಲ್ಲ. ಹಣ ಪಡೆಯುವುದು ಸುಲಭವಾಯಿತು, ಲೆಕ್ಕ ಇಡುವುದನ್ನು ಕಲಿಸಲು ಯಾರೂ ಜೊತೆಗೆ ಬರಲಿಲ್ಲ. ಈ ಕೊರತೆ ತುಂಬಲು ನಮ್ಮ ತಾಲ್ಲೂಕು ಕೇಂದ್ರಗಳ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಬಿ.ಕಾಂ. ವಿದ್ಯಾರ್ಥಿಗಳೇ ಮುಂದೆ ಬರಬಹುದು. ಅವರಿಗೆ ಲೆಕ್ಕಶಾಸ್ತ್ರ ಗೊತ್ತು, ನಮ್ಮ ಮಾತು ಗೊತ್ತು, ಎಷ್ಟೋ ಮಂದಿಯ ಮನೆಯಲ್ಲೇ ಅಂಗಡಿಯೋ ಹಸುವೋ ರೇಷ್ಮೆಯೋ ಇದೆ. ವಾರಕ್ಕೆ ಎರಡು ಸಂಜೆಯಂತೆ ಮೂರು ತಿಂಗಳು, ಒಬ್ಬ ವಿದ್ಯಾರ್ಥಿಗೆ ಒಂದು ಅಂಗಡಿ ಎಂದು ಕಾಲೇಜಿನ ವಾಣಿಜ್ಯ ವಿಭಾಗದವರೂ ವರ್ತಕರ ಸಂಘದವರೂ ಕೂತು ಗೊತ್ತು ಮಾಡಿಕೊಳ್ಳಬಹುದು. ಹುಡುಗರಿಗೆ ಬಸ್ಸಿನ ಚಾರ್ಜು, ಒಂದಿಷ್ಟು ಗೌರವಧನ ಅಂಗಡಿಯವರು ಕೊಡಲಿ. ಮಾರ್ಚ್ ಕೊನೆಯ ನೂಕುನುಗ್ಗಲಿನಲ್ಲಿ ಬೇಡ, ಅಕ್ಟೋಬರಿನಲ್ಲಿ ಶುರು ಮಾಡಲಿ. ಏಪ್ರಿಲ್ ಬರುವ ಹೊತ್ತಿಗೆ ಬಿಲ್ಲು ಬರೆಯುವವರ ಕೈ ಪಳಗಿರುತ್ತದೆ, ಆರಂಭದ ಬಾಕಿಗಳು ತಾಳೆಯಾಗಿರುತ್ತವೆ. ಮುಂದಿನ ಶೈಕ್ಷಣಿಕ ವರ್ಷಕ್ಕೆ ಇದನ್ನು ಯಾವ ಕಾಲೇಜಾದರೂ ಕೈಗೆತ್ತಿಕೊಂಡರೆ, ಅವರ ಜೊತೆ ಅಂಗಡಿಯಿಂದ ಅಂಗಡಿಗೆ ಬರಲು ನಾನು ಸಿದ್ಧನಿದ್ದೇನೆ.